ಟ್ಯಾಪೆಟ್ ಕವರ್ ಲೀಕು: ಬಿಚ್ಚೋಕಂತಾನೇ ಇರೋದನ್ನ ಅಂಟಿಸಿಬಿಟ್ರೆ

"ಇಷ್ಟು ಹಾಕಿದೀನಿ ಸಾರ್, ಇನ್ನು ಈ ಜನ್ಮದಲ್ಲಿ ಬರಲ್ಲ ಬಿಡಿ" ಅಂದಿದ್ರು, ಇಂಜಿನ್ ತಲೆ ಮೇಲಿನ ಟ್ಯಾಪೆಟ್ ಕವರಿಗೆ (ರಾಕರ್ ಕವರ್ ಅಂತಾನೂ ಅಂತಾರೆ) ಸಿಲಿಕೋನ್ ಪೇಸ್ಟ್ ಮೆತ್ತಿದ್ದ ಆ ಮೆಕ್ಯಾನಿಕ್. ಲೀಕ್ ಬರಲ್ಲ ಅಂತ ಅವರ ಅರ್ಥ. ಒಂದು ವರ್ಷ ಆದ್ಮೇಲೆ ವಾಲ್ವ್ ಗ್ಯಾಪ್ (ವಾಲ್ವಿಗೂ ಅದನ್ನ ತಳ್ಳೋ ರಾಕರಿಗೂ ನಡುವಿನ ಸಂದು) ನೋಡೋಣ ಅಂತ ನಟ್ ಬಿಚ್ಚಿದ್ರೆ ಬರದೇ ಇದ್ದಿದ್ದು ಕವರು. ಲೀಕ್ ಮಾತ್ರ ಎರಡನೇ ತಿಂಗಳಿಂದಾನೇ ಆರಾಮಾಗಿ ಬರ್ತಾ ಇತ್ತು.

ಗಾಡಿ ಮಾರಿಸ್ ಮೈನರ್, ಹಳೇ ಬ್ರಿಟಿಷ್ ಕಾರು, ಒಳಗಿರೋದು 948 ಸಿಸಿಯ ಎ-ಸೀರೀಸ್ ಇಂಜಿನ್. ಆದ್ರೆ ಇಲ್ಲಿ ಬರೀತಿರೋದು ಆ ಒಂದು ಗಾಡಿಗೆ ಮಾತ್ರ ಅಲ್ಲ, ತಗಡಿನ ಕವರ್ರು, ಕಾರ್ಕ್ ಪ್ಯಾಕಿಂಗು (ಎಣ್ಣೆ ತಡೆಯೋಕೆ ನಡುವೆ ಹಾಕೋ ಗ್ಯಾಸ್ಕೆಟ್ಟು), ನಾಲ್ಕೈದು ಸಣ್ಣ ಬೋಲ್ಟು ಇರೋ ಯಾವ ಹಳೇ ಇಂಜಿನ್ನಿಗಾದ್ರೂ ಹೆಚ್ಚು ಕಮ್ಮಿ ಇದೇ ಕಥೆ. ಆ ಸಿಲಿಕೋನ್ ಹಾಕಿದ್ದ ಕವರ್ ಬಿಚ್ಚೋಕೆ ನಾನು ಚಾಕು, ಚಪ್ಪಟೆ ಸ್ಕ್ರೂಡ್ರೈವರು, ರಬ್ಬರ್ ಸುತ್ತಿಗೆ ಎಲ್ಲಾ ಪ್ರಯೋಗ ಮಾಡಿ ಕೊನೆಗೆ ಕವರಿನ ಅಂಚನ್ನೇ ಸೊಟ್ಟ ಮಾಡ್ಕೊಂಡೆ, ಅಂದ್ರೆ ಲೀಕ್ ನಿಲ್ಲಿಸೋಕೆ ಹಾಕಿದ್ದ ಪೇಸ್ಟೇ ಮುಂದಿನ ಲೀಕಿಗೆ ದಾರಿ ಮಾಡ್ಕೊಡ್ತು.

ಮೊದ್ಲು ಒಂದು ವಿಷ್ಯ ತಲೆಗೆ ಹೋಗ್ಬೇಕು, ನಂಗೆ ಅದು ಹೋಗೋಕೆ ಬಹಳ ಟೈಮ್ ಹಿಡೀತು. ರಾಕರ್ ಕವರ್ ಒಳಗೆ ಆಯಿಲ್ ಪ್ರೆಷರ್ ಇಲ್ಲ. ಪ್ರೆಷರ್ ಇರೋದು ರಾಕರ್ ಶಾಫ್ಟ್ ಒಳಗೆ, ಅಲ್ಲಿಂದ ಹೊರಗೆ ಬಂದಿದ್ದು ಬರೀ ಚಿಮ್ಮಿ, ಸೋರಿ, ಪುಶ್‌ರಾಡ್ ತೂತುಗಳಿಂದ ಕೆಳಗೆ ಚೇಂಬರಿಗೆ (ಇಂಜಿನ್ ಅಡಿಯ ಎಣ್ಣೆ ತೊಟ್ಟಿಗೆ) ಇಳಿದು ಹೋಗತ್ತೆ. ಹಾಗಾಗಿ ಆ ಪ್ಯಾಕಿಂಗ್ ತಡೀಬೇಕಾಗಿರೋದು ಚಿಮ್ಮೋ ಎಣ್ಣೇನ ಮಾತ್ರ. ಅದಕ್ಕೆ ಹೆಡ್ (ಕವರ್ ಕೂರೋ ಇಂಜಿನ್ನಿನ ಮೇಲ್ಭಾಗ) ಬೋಲ್ಟ್ ಬಿಗಿಯೋ ಹಾಗೆ ಬಿಗಿಯೋದೇನಿದೆ? ಎ-ಸೀರೀಸ್‌ನಲ್ಲಿ ರಾಕರ್ ಕವರ್ ನಟ್ಟಿಗೆ ಕೊಟ್ಟಿರೋ ಟಾರ್ಕ್ 4 ಪೌಂಡ್-ಅಡಿ, ಅಂದ್ರೆ ಸುಮಾರು 5.4 ನ್ಯೂಟನ್ ಮೀಟರ್. ಬೆರಳಲ್ಲಿ ಆಗೋಷ್ಟು ತಿರುಗಿಸಿ, ಆಮೇಲೆ ಸಣ್ಣ ಸ್ಪ್ಯಾನರಲ್ಲಿ ಸ್ವಲ್ಪ, ಅಷ್ಟೇ. ಉದ್ದ ಹಿಡಿಯ ರ‍್ಯಾಚೆಟ್ ಕೈಗೆ ಸಿಕ್ರೆ ಗೊತ್ತಿಲ್ಲದ ಹಾಗೇ ಇದರ ಎರಡು ಮೂರು ಪಟ್ಟು ಹೋಗ್ಬಿಡತ್ತೆ.

ಇನ್ನೊಂದು, ಈ ಕವರ್ ಇರೋದೇ ತೆಗೆಯೋಕೆ. ಇಂಥ ಇಂಜಿನ್ನಲ್ಲಿ ವಾಲ್ವ್ ಗ್ಯಾಪು ತಾನಾಗೇ ಅಡ್ಜಸ್ಟ್ ಆಗಲ್ಲ, ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಫಿಲ್ಲರ್ ಗೇಜ್ (ಸಂದು ಅಳೆಯೋ ತೆಳ್ಳನೆ ಲೋಹದ ಪಟ್ಟಿ) ಹಾಕಿ 0.012 ಇಂಚು ಇದೆಯಾ ಅಂತ ನೋಡ್ಲೇಬೇಕು. ಹಾಗಿರುವಾಗ ಪ್ರತಿ ಸಲ ಹೊಸ ಪ್ಯಾಕಿಂಗು, ಪ್ರತಿ ಸಲ ಕೆರೆಯೋ ಕೆಲಸ ಅಂದ್ರೆ ಮನುಷ್ಯ ಏನ್ ಮಾಡ್ತಾನೆ? ಗ್ಯಾಪ್ ನೋಡೋದನ್ನೇ ಮುಂದಕ್ಕೆ ಹಾಕ್ತಾನೆ. ನಾನೂ ಹಾಕಿದ್ದೆ. ಸೋರಬಾರದು, ಆದ್ರೆ ಮುಂದಿನ ಸಲ ಹತ್ತೇ ನಿಮಿಷದಲ್ಲಿ ಕೈಗೆ ಬರ್ಬೇಕು, ಇವೆರಡೂ ಒಟ್ಟಿಗೆ ಆದ್ರೇನೇ ಕೆಲಸ ಸರಿಯಾಗಿ ಆಗಿದೆ ಅಂತ ಲೆಕ್ಕ.

ಪ್ಯಾಕಿಂಗ್ ತರೋಕೆ ಮುಂಚೆ ಎಣ್ಣೆ ಎಲ್ಲಿಂದ ಬರ್ತಿದೆ ಅಂತ ಖಾತ್ರಿ ಮಾಡ್ಕೊಳ್ಳಿ. ಎಣ್ಣೆ ಸುಮ್ನೆ ಕೆಳಗೆ ಬೀಳಲ್ಲ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹರಿಯತ್ತೆ, ಬೋಲ್ಟಿನ ತಲೆ, ಬ್ರಾಕೆಟ್ಟು, ಬ್ಲಾಕಿನ ಅಂಚು ಹೀಗೆ ಒಂದೊಂದನ್ನೇ ಹಿಡ್ಕೊಂಡು ಎಲ್ಲೋ ದೂರ ಹೋಗಿ ತೊಟ್ಟಿಕ್ಕತ್ತೆ. ನನ್ನ ಗಾಡೀಲಿ ಬೆಲ್ ಹೌಸಿಂಗ್ (ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ) ಕೆಳಗಿನ ತೂತಲ್ಲಿ ನೇತಾಡೋ ಸ್ಪ್ಲಿಟ್ ಪಿನ್ನಿಂದ ಹನಿ ಬೀಳ್ತಿತ್ತು (ಆ ಪಿನ್ ಅಲ್ಲಿರೋದು ತೂತು ಕಟ್ಕೊಳ್ದೇ ಇರ್ಲಿ ಅಂತ, ಬಿದ್ದೋಗಿದ್ರೆ ವಾಪಸ್ ಹಾಕಿ). ನೋಡಿದವರೆಲ್ಲಾ ಹಿಂದಿನ ಕ್ರ್ಯಾಂಕ್ ಸೀಲು, ಗೇರ್‌ಬಾಕ್ಸ್ ಇಳಿಸ್ಬೇಕು ಅಂದ್ರು. ನಾನೂ ಇಳಿಸೋಕೆ ರೆಡಿ ಆಗಿದ್ದೆ. ಅದಕ್ಕೆ ಮುಂಚೆ ಸುಮ್ನೆ ಒಂದ್ಸಲ ಇಂಜಿನ್ನನ್ನ ಡಿಗ್ರೀಸರ್ ಹಾಕಿ ಚೆನ್ನಾಗಿ ತೊಳೆದು ಒಣಗಿಸಿ, ಕವರ್‌ಗಳ ಸುತ್ತ ಮುಖಕ್ಕೆ ಹಾಕೋ ಟಾಲ್ಕಮ್ ಪೌಡರ್ ಉದುರಿಸಿ, ಹತ್ತು ನಿಮಿಷ ಓಡಿಸಿ ಬಂದು ನೋಡಿದ್ರೆ ರಾಕರ್ ಕವರಿನ ಹಿಂದಿನ ಮೂಲೆಯಿಂದ ಒಂದು ಕಪ್ಪು ಗೆರೆ ಸೀದಾ ಕೆಳಗೆ. ಇಂಜಿನ್ ಸ್ವಲ್ಪ ಹಿಂದಕ್ಕೆ ವಾಲಿ ಕೂತಿರೋದ್ರಿಂದ ಎಣ್ಣೆ ಆ ಮೂಲೇಲೇ ನಿಲ್ಲತ್ತೆ, ಅಲ್ಲಿಂದ ಬ್ಲಾಕಿನ ಬೆನ್ನು ಹಿಡ್ಕೊಂಡು ಇಳಿದು ಬೆಲ್ ಹೌಸಿಂಗ್ ಹತ್ರ ಬೀಳ್ತಿತ್ತು. ಎರಡು ನಟ್ಟಿನ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸೋದು ತಪ್ಪಿತು. ಪೌಡರ್ ಉದುರಿಸುವಾಗ ಫ್ಯಾನ್ ತಿರುಗ್ತಾ ಇರಬಾರದು ಅಂತ ಬೇರೆ ಹೇಳಬೇಕಾ, ಹೇಳ್ತೀನಿ, ನನ್ನ ಮುಖ ಆವತ್ತು ನೋಡೋ ಹಾಗಿತ್ತು.

ಈಗ ಕವರ್ರು. ತೆಗೆದ ತಕ್ಷಣ ಉಲ್ಟಾ ಮಾಡಿ ಅಂಚು ನೋಡಿ. ಅಂಚಿನಲ್ಲೇ ಬೋಲ್ಟ್ ಇರೋ ತಗಡಿನ ಕವರಾದ್ರೆ ಪ್ರತಿ ಬೋಲ್ಟ್ ತೂತಿನ ಸುತ್ತ ತಗಡು ಪ್ಯಾಕಿಂಗ್ ಕಡೆಗೆ ಗುಳಿ ಬಿದ್ದಿರತ್ತೆ, ಯಾರ್ಯಾರೋ ಎಷ್ಟೋ ವರ್ಷದಿಂದ ಬಿಗಿದೂ ಬಿಗಿದೂ ಆಗಿರೋದು. ಆ ಗುಳಿ ಇದ್ರೆ ಏನಾಗತ್ತೆ ಅಂದ್ರೆ ಬೋಲ್ಟ್ ಹತ್ರ ಪ್ಯಾಕಿಂಗ್ ಅಪ್ಪಚ್ಚಿ ಆಗತ್ತೆ, ಎರಡು ಬೋಲ್ಟಿನ ನಡುವೆ ತಗಡು ಮೇಲೆದ್ದು ಪ್ಯಾಕಿಂಗ್‌ನ ಮುಟ್ಟೋದೇ ಇಲ್ಲ, ಲೀಕ್ ಆಗೋದು ಅಲ್ಲೇ, ಲೀಕ್ ಕಂಡವನು ಇನ್ನೂ ಬಿಗೀತಾನೆ, ಗುಳಿ ಇನ್ನೂ ಆಳ ಆಗತ್ತೆ. ನೀವು ಎಷ್ಟು ಒಳ್ಳೇ ಪ್ಯಾಕಿಂಗ್ ತಂದ್ರೂ ಇಲ್ಲಿ ಸೋಲ್ತೀರ. ಗಟ್ಟಿ ಮರದ ತುಂಡೋ ಕಬ್ಬಿಣದ ದಿಮ್ಮಿಯೋ ಕೆಳಗಿಟ್ಟು, ಅಂಚನ್ನ ಅದರ ಮೇಲೆ ಕೂರಿಸಿ, ಸಣ್ಣ ಸುತ್ತಿಗೇಲಿ ಮೆಲ್ಲಗೆ ತಟ್ಟಿ ತಟ್ಟಿ ಗುಳೀನ ವಾಪಸ್ ತಳ್ಬೇಕು. ಜೋರಾಗಿ ಹೊಡೆದ್ರೆ ತಗಡು ಹಿಗ್ಗಿ ಅಲೆ ಅಲೆ ಆಗ್ಬಿಡತ್ತೆ. ಆಮೇಲೆ ದಪ್ಪ ಗಾಜಿನ ಮೇಲೆ ಕವರ್ ಕವುಚಿ ಹಾಕಿ ಸುತ್ತ ಫಿಲ್ಲರ್ ಗೇಜ್ ತೂರಿಸಿ ನೋಡಿ, ಎಲ್ಲಿ ಸಲೀಸಾಗಿ ಒಳಗೆ ಹೋಗತ್ತೋ ಅಲ್ಲಿ ಇನ್ನೂ ಕೆಲಸ ಇದೆ. ನಾನೊಂದು ಭಾನುವಾರ ಪೂರ್ತಿ ಇದರಲ್ಲೇ ಕಳೆದೆ, ಬೇಜಾರಿಲ್ಲ, ಆವತ್ತೇ ಅರ್ಧ ಲೀಕ್ ನಿಂತಿದ್ದು ಅಂತ ನನ್ನ ನಂಬಿಕೆ.

ಅಲ್ಯೂಮಿನಿಯಂ ಎರಕದ ಕವರಾದ್ರೆ ತಟ್ಟೋಕೆ ಹೋಗ್ಬೇಡಿ, ಒಡೆಯತ್ತೆ. ಗಾಜಿನ ಮೇಲೆ ಎಮೆರಿ ಪೇಪರ್ ಅಂಟಿಸಿ, ಕವರನ್ನ ಎಂಟರ ಆಕಾರದಲ್ಲಿ ತಿರುಗಿಸ್ತಾ ಉಜ್ಜಿ, ಎಲ್ಲಾ ಕಡೆ ಒಂದೇ ಥರ ಹೊಳಪು ಬರೋವರೆಗೂ.

ಅಂಚಿನ ಬೋಲ್ಟಿನ ಕಾಟ ತಯಾರಕರಿಗೂ ಗೊತ್ತಿತ್ತು ಅನ್ಸತ್ತೆ. ಷೆವರ್ಲೆಯ ಸ್ಮಾಲ್ ಬ್ಲಾಕ್ ವಿ8 1955ರಲ್ಲಿ ಬಂದಾಗ ಕವರಿನ ಅಂಚಲ್ಲಿ ನಾಲ್ಕು ಬೋಲ್ಟು, ಒತ್ತಡ ಹಂಚ್ಲಿ ಅಂತ ಬೋಲ್ಟ್ ಕೆಳಗೆ ಉದ್ದನೆ ಪಟ್ಟಿ ಕೊಡೋದು ಬೇರೆ ಇತ್ತು, 1987ರ ಹೊತ್ತಿಗೆ ಬೋಲ್ಟ್‌ಗಳನ್ನ ಅಂಚು ಬಿಟ್ಟು ಕವರಿನ ಮಧ್ಯಕ್ಕೇ ತಂದ್ರು. ಎ-ಸೀರೀಸ್ ಈ ವಿಷ್ಯದಲ್ಲಿ ಮೊದಲಿಂದಾನೂ ವಾಸಿ, ನೆತ್ತಿಯಿಂದ ಎರಡೇ ಸ್ಟಡ್ಡು (ತಲೆ ಇಲ್ಲದ ಬೋಲ್ಟು, ಮೇಲೆ ನಟ್ ಹಾಕೋದು). ನಿಮ್ಮದು ಅಂಚಿನ ಬೋಲ್ಟಾದ್ರೆ ಆ ಪಟ್ಟಿ ಥರದ ವಾಷರ್ ಹಾಕಿ, ಅದೊಂದು ಬದಲಾವಣೆ ಮಾತ್ರ ನಾನು ಕಣ್ಣು ಮುಚ್ಕೊಂಡು ಮಾಡಿ ಅಂತೀನಿ.

ಪ್ಯಾಕಿಂಗ್ ವಿಷ್ಯಕ್ಕೆ ಬಂದ್ರೆ ನಾನು ಕಾರ್ಕ್ ಪಕ್ಷ. ಬೈಯೋರು ಬಹಳ ಜನ ಇದಾರೆ, ಇರ್ಲಿ. ರಬ್ಬರನ್ನ ಮೇಲಿಂದ ಒತ್ತಿದ್ರೆ ಪಕ್ಕಕ್ಕೆ ಉಬ್ಬತ್ತೆ, ಹಾಗೆ ಉಬ್ಬಿ ಅಂಚಿಂದ ಹೊರಗೆ ಜಾರತ್ತೆ. ಕಾರ್ಕನ್ನ ಒತ್ತಿದ್ರೆ ಪಕ್ಕಕ್ಕೆ ಹೋಗೋದೇ ಇಲ್ಲ ಅನ್ನೋಷ್ಟು ಕಮ್ಮಿ, ಒಳಗಿರೋ ಗಾಳಿಯ ಗೂಡುಗಳೇ ಕುಗ್ಗತ್ವೆ, ಇದ್ದಲ್ಲೇ ಇದ್ದು ತಗಡಿನ ಏರುಪೇರನ್ನ ತುಂಬ್ಕೊಳತ್ತೆ. ಸೊಟ್ಟ ಪಟ್ಟ ಇರೋ ಹಳೇ ತಗಡಿಗೆ ಇದಕ್ಕಿಂತ ಒಳ್ಳೇ ಜೋಡಿ ಸಿಗಲ್ಲ. ಬರೀ ಕಾರ್ಕಿನ ಕಷ್ಟ ಅಂದ್ರೆ ಒಣಗತ್ತೆ, ಒಣಗಿದ್ರೆ ಕುಗ್ಗತ್ತೆ, ಬಹಳ ದಿನ ಇಟ್ಟಿದ್ದ ಪ್ಯಾಕಿಂಗ್ ತೆಗೆದು ಕವರ್ ಮೇಲಿಟ್ರೆ ಒಂದು ಕಡೆ ಅರ್ಧ ಸೆಂಟಿಮೀಟರ್ ಗಿಡ್ಡ ಇರತ್ತೆ. ಎಳೀಬೇಡಿ, ಪಟ್ ಅಂತ ಹೋಗತ್ತೆ. ಉಗುರು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನೆನೆಹಾಕಿ, ಮತ್ತೆ ತನ್ನ ಅಳತೆಗೆ ಬರತ್ತೆ, ಒರೆಸಿ ಕವರ್ ಮೇಲೆ ಕೂರಿಸಿ ಆಕಾರ ಹಿಡಿಯೋ ಹಾಗೆ ಆರೋಕೆ ಬಿಡಿ. ಕಾರ್ಕ್ ಪುಡಿ ಮತ್ತು ನೈಟ್ರೈಲ್ ರಬ್ಬರ್ ಸೇರಿಸಿ ಮಾಡಿರೋ ಹಾಳೆ ಸಿಕ್ರೆ ಇನ್ನೂ ಒಳ್ಳೇದು, ಅದು ಇಷ್ಟು ಬೇಗ ಒಣಗಿ ಮುರಿಯಲ್ಲ. ನಾನೀಗ 3 ಮಿಲಿಮೀಟರ್ ಹಾಳೆ ತಂದು ನಾನೇ ಕತ್ತರಿಸ್ಕೋತೀನಿ. ತೂತಿಗೆ ಪಂಚು, ಅಂಚಿಗೆ ಹೊಸ ಬ್ಲೇಡು. ಹಳೇ ಬ್ಲೇಡಲ್ಲಿ ಕತ್ತರಿಸಿದ್ರೆ ಅಂಚಲ್ಲಿ ಚೂರು ಚೂರು ಉದುರತ್ತೆ, ಆ ಚೂರು ಎಲ್ಲಿಗೆ ಹೋಗತ್ತೆ ಅಂತ ಮುಂದೆ ಹೇಳ್ತೀನಿ.

ಕೂರಿಸೋ ಕ್ರಮದಲ್ಲೇ ಎಲ್ಲಾ ಇರೋದು. ಪ್ಯಾಕಿಂಗನ್ನ ಕವರಿಗೆ ಮಾತ್ರ ಅಂಟಿಸ್ಬೇಕು, ಹೆಡ್ಡಿಗೆ ಅಂಟಿಸ್ಬಾರದು. ಕವರಿನ ಅಂಚನ್ನ ಥಿನ್ನರಲ್ಲೋ ಅಸಿಟೋನಲ್ಲೋ ಒರೆಸಿ, ಬಟ್ಟೇಲಿ ಕಪ್ಪು ಬರೋದು ಪೂರ್ತಿ ನಿಂತ ಮೇಲೆ, ತೆಳ್ಳಗೆ ಕಾಂಟ್ಯಾಕ್ಟ್ ಅಂಟು ಎರಡೂ ಕಡೆ ಸವರಿ ಕೈಗೆ ಹತ್ತದ ಹಾಗೆ ಒಣಗಿದ ಮೇಲೆ ಕೂರಿಸಿ (ಹಳೇ ಕಾಲದವರು ಶೆಲ್ಲಾಕ್ ಹಾಕ್ತಿದ್ರು, ಅದೂ ನಡೆಯತ್ತೆ). ಗಾಜಿನ ಮೇಲೆ ಕವುಚಿ ಮೇಲೆ ಏನಾದ್ರೂ ಭಾರ ಹೇರಿ ರಾತ್ರಿ ಬಿಡಿ. ಹೆಡ್ಡಿನ ಕಡೆಯ ಮುಖಕ್ಕೆ ಬೆರಳಲ್ಲಿ ಚೂರು ಗ್ರೀಸು, ಅಷ್ಟೇ. ಹೀಗೆ ಮಾಡಿದ್ರೆ ಮುಂದಿನ ಸಲ ಕವರ್ ಜೊತೆಗೇ ಪ್ಯಾಕಿಂಗೂ ಎದ್ದು ಬರತ್ತೆ, ಹಾಗೇ ವಾಪಸ್ ಕೂರತ್ತೆ. ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಕೊಂಡಿರೋರಿಗೆ ಇದು ಮೊದಲಿಂದಾನೂ ಗೊತ್ತು, ಅದರಲ್ಲಿ ಬೋಲ್ಟೇ ಇಲ್ಲ, ಒಂದು ಸ್ಪ್ರಿಂಗ್ ತಂತಿ ಕ್ಲಿಪ್ಪು ಕವರನ್ನ ಒತ್ತಿ ಹಿಡಿದಿರತ್ತೆ, ಆ ತಂತಿಯ ಬಲ ಎಷ್ಟೋ ಅಷ್ಟೇ ಬಿಗಿ. ಆದ್ರೂ ನಿಲ್ಲತ್ತೆ. ಆ ತಂತೀನ ನೋಡಿದ್ಮೇಲೆ ನಂಗೆ ಟಾರ್ಕ್ ಬಗ್ಗೆ ಇದ್ದ ಅನುಮಾನ ಹೋಗಿದ್ದು.

ಹೆಡ್ಡಿನ ಮುಖ ಕ್ಲೀನ್ ಮಾಡೋದು ಬೇಜಾರಿನ ಕೆಲಸ. ಎಣ್ಣೆ ಒಳಗಿಂದ ಜಿನುಗ್ತಾನೇ ಇರತ್ತೆ, ಒರೆಸಿ ಆ ಕಡೆ ತಿರುಗೋದ್ರಲ್ಲಿ ಮತ್ತೆ ಒದ್ದೆ. ಕವರ್ ತೆಗೆದು ಒಂದು ರಾತ್ರಿ ಮೇಲೆ ಬಟ್ಟೆ ಮುಚ್ಚಿ ಬಿಟ್ರೆ ಎಲ್ಲಾ ಕೆಳಗೆ ಇಳಿದಿರತ್ತೆ. ಕೆರೆಯುವಾಗ ಪುಶ್‌ರಾಡ್ ತೂತಿಗೆ ಬಟ್ಟೆ ತುರುಕಿ, ಎಷ್ಟು ತುರುಕಿದ್ರಿ ಅಂತ ಎಣಿಸ್ಕೊಳ್ಳಿ. ಡ್ರಿಲ್ಲಿಗೆ ಹಾಕೋ ಉಜ್ಜೋ ಡಿಸ್ಕ್ ಮಾತ್ರ ಇಲ್ಲಿ ಬೇಡವೇ ಬೇಡ, ಅದರಿಂದ ಉದುರೋ ಪುಡಿ ಎಣ್ಣೆ ಜೊತೆ ಹೋಗಿ ಬೇರಿಂಗ್ ತಿಂದ್ಹಾಕತ್ತೆ. ಇನ್ನು ಹಳೇ ಇಂಜಿನ್ನಿನ ಗಟ್ಟಿ ಬೂದು ಬಣ್ಣದ ಹಾಳೆ ಪ್ಯಾಕಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರೋ ಸಾಧ್ಯತೆ ಇದೆ, ಅದನ್ನ ಒಣಗಿದ್ದಾಗ ಉಜ್ಜಬೇಡಿ, ಒದ್ದೆ ಮಾಡ್ಕೊಂಡು ನಿಧಾನಕ್ಕೆ ಕೆರೀರಿ.

ಈಗ ಪೇಸ್ಟಿನ ಪುರಾಣ. ಸಿಲಿಕೋನ್ ಕೆಟ್ಟದ್ದು ಅಂತಲ್ಲ, ಎಲ್ಲಿ ಪ್ಯಾಕಿಂಗ್ ಇಲ್ಲದೆ ಬರೀ ಪೇಸ್ಟಿಗೆ ಅಂತಾನೇ ಡಿಸೈನ್ ಮಾಡಿದಾರೋ ಅಲ್ಲಿ ಅದು ಚೆನ್ನಾಗೇ ಕೆಲಸ ಮಾಡತ್ತೆ. ಚೇಂಬರಿನ ಮೂಲೆ, ಎರಡು ಪ್ಯಾಕಿಂಗ್ ಸೇರೋ ಜಾಗ, ಅಂಥ ಕಡೆ ಬಟಾಣಿ ಗಾತ್ರದ ಒಂದು ಚುಕ್ಕೆ ನಾನೂ ಹಾಕ್ತೀನಿ. ಆದ್ರೆ ಹಸಿ ಸಿಲಿಕೋನ್ ಅಂದ್ರೆ ಜಾರೋ ಲೇಹ್ಯ, ಕಾರ್ಕಿನ ಎರಡೂ ಕಡೆ ಅದನ್ನ ಬಳಿದು ಬಿಗಿದ್ರೆ ಪ್ಯಾಕಿಂಗ್ ನಿಮ್ಮ ಕಣ್ಣೆದುರೇ ಜಾರಿ ಹೊರಗೆ ಬರತ್ತೆ. ಹೊರಗೆ ಎಷ್ಟು ಉಬ್ಬಿ ಬಂದಿದೆಯೋ ಒಳಗೂ ಅಷ್ಟೇ ಉಬ್ಬಿದೆ ಅಂತ ಲೆಕ್ಕ ಹಾಕಿ, ಆ ಒಳಗಿನ ಬಾಲ ಒಂದಿನ ಕಿತ್ಕೊಂಡು ಎಣ್ಣೆ ಜೊತೆ ಚೇಂಬರಿಗೆ ಹೋಗಿ ಪಂಪಿನ ಜಾಲರಿಗೆ ಮೆತ್ಕೊಳತ್ತೆ. ಕಾರ್ಕ್ ಚೂರೂ ಅಲ್ಲಿಗೇ ಹೋಗೋದು. ನನ್ನ ಚೇಂಬರ್ ಇಳಿಸಿದಾಗ ಜಾಲರಿ ಮೇಲೆ ಕಿತ್ತಳೆ ಬಣ್ಣದ ಹುಳದ ಥರ ಏಳೆಂಟು ತುಂಡು ಸಿಕ್ತು. ಒಂದು ಹನಿ ಲೀಕಿಗೆ ಹೆದರಿ ಇಂಜಿನ್ನನ್ನೇ ಒತ್ತೆ ಇಟ್ಟಿದ್ದೆ ನಾನು! ಅದೂ ಅಲ್ದೆ ಒಂದ್ಸಲ ಸಿಲಿಕೋನ್ ಮುಟ್ಟಿದ ಜಾಗ ಪೂರ್ತಿ ಕ್ಲೀನ್ ಆಗದೇ ಇದ್ರೆ ಬೇರೆ ಅಂಟೂ ಹಿಡಿಯಲ್ಲ, ಹೊಸ ಸಿಲಿಕೋನೂ ಹಿಡಿಯಲ್ಲ. ಹಾಕಲೇಬೇಕು ಅಂದ್ರೆ ವಿನೆಗರ್ ವಾಸನೆ ಬರದೇ ಇರೋ ಥರದ್ದು ತಗೊಳ್ಳಿ, ಆ ವಾಸನೆ ಬರೋದ್ರಲ್ಲಿ ಒಣಗುವಾಗ ಅಸಿಟಿಕ್ ಆಸಿಡ್ ಬಿಡುಗಡೆ ಆಗತ್ತೆ, ಬಣ್ಣ ಇಲ್ಲದ ಕಬ್ಬಿಣಕ್ಕೆ ತುಕ್ಕು ಹಿಡಿಯತ್ತೆ. ಸಿಲಿಕೋನ್ ಗಾಳಿಯ ತೇವದಿಂದ ಗಟ್ಟಿ ಆಗೋ ವಸ್ತು, ಪೂರ್ತಿ ಆಗೋಕೆ ಸುಮಾರು 24 ಗಂಟೆ ಬೇಕು, ಹಾಕಿದ ಅರ್ಧ ಗಂಟೆಗೆ ಸ್ಟಾರ್ಟ್ ಮಾಡಿ ಲೀಕ್ ಅಂತ ಬೈಯೋದು ನ್ಯಾಯ ಅಲ್ಲ.

ಗಟ್ಟಿ ಆಗದೇ ಇರೋ ಪೇಸ್ಟ್ ಬೇಕು ಅಂದ್ರೆ ಹೈಲೋಮಾರ್ ಥರದ್ದು, ನೀಲಿ ಬಣ್ಣದ್ದು, ರೋಲ್ಸ್-ರಾಯ್ಸ್ ಜೆಟ್ ಇಂಜಿನ್ನಿಗೆ ಅಂತ ಹುಟ್ಟಿದ ಮಾಲು. ತೆಳ್ಳಗೆ ಸವರಿದ್ರೆ ಸಾಕು, ವರ್ಷಗಳಾದ್ರೂ ಅಂಟಂಟಾಗೇ ಇರತ್ತೆ, ಬಿಚ್ಚೋಕೆ ಸುಲಭ. ಟೈಮಿಂಗ್ ಕವರಿನ (ಇಂಜಿನ್ನಿನ ಮುಂದೆ ಟೈಮಿಂಗ್ ಚೈನ್ ಮುಚ್ಚಿರೋದು) ಪೇಪರ್ ಪ್ಯಾಕಿಂಗಿಗೆ ನಾನು ಇದನ್ನೇ ಹಾಕೋದು.

ನಟ್ಟಿನ ಕೆಳಗಿನ ಸಾಮಾನು ಮರೀಬೇಡಿ. ಎ-ಸೀರೀಸ್ ಥರ ನೆತ್ತಿಯಿಂದ ಸ್ಟಡ್ ಬರೋ ಕವರಲ್ಲಿ ಸ್ಟಡ್ಡಿಗೆ ರಬ್ಬರ್ ಬುಷ್ಷು, ಮೇಲೆ ಕಪ್ ವಾಷರು. ಆ ರಬ್ಬರ್ ಕಲ್ಲಾಗಿದ್ರೆ ಎಣ್ಣೆ ಸ್ಟಡ್ ಹಿಡ್ಕೊಂಡೇ ಮೇಲೆ ಬಂದು ಕವರ್ ಮೇಲಿಂದ ಸುತ್ತ ಇಳಿಯತ್ತೆ, ನೀವು ಪ್ಯಾಕಿಂಗ್ ಬೈಕೊಂಡು ಕೂತಿರ್ತೀರ. ಚಂದಕ್ಕೆ ಅಂತ ನಾನೊಂದು ಹೊಳೆಯೋ ಅಲ್ಯೂಮಿನಿಯಂ ಕವರ್ ತಂದು ಹಾಕಿದ್ದೆ. ಅದರ ದಪ್ಪ ಬೇರೆ, ಹಾಗಾಗಿ ನಟ್ಟು ಸ್ಟಡ್ಡಿನ ಥ್ರೆಡ್ ಮುಗಿಯೋ ಜಾಗಕ್ಕೆ ಹೋಗಿ ನಿಲ್ತಿತ್ತು, ಕೈಗೆ ಬಿಗಿ ಆದ ಹಾಗೆ ಅನ್ಸತ್ತೆ, ಕವರ್ ಮಾತ್ರ ಕೆಳಗೆ ಒತ್ತಿರೋದೇ ಇಲ್ಲ. ಬಿಗಿದ ಮೇಲೆ ಕವರ್ ಹಿಡಿದು ಅಲ್ಲಾಡಿಸಿದಾಗ ಗೊತ್ತಾಯ್ತು, ಒಂದು ದಪ್ಪ ವಾಷರ್ ಸೇರಿಸಿದೆ, ಸರಿ ಹೋಯ್ತು. ಜಾಗ್ವಾರ್ ಎಕ್ಸ್‌ಕೆ ಇಂಜಿನ್ನಿನ ಕ್ಯಾಮ್ ಕವರಲ್ಲಿರೋ ಗುಮ್ಮಟದ ನಟ್ಟಿನ ಕೆಳಗೆ ತಾಮ್ರದ ವಾಷರ್ ಇರತ್ತಲ್ಲ, ಅಂಥದ್ದು ಹಳೇದಾದ್ರೆ ಗಟ್ಟಿ ಆಗಿರತ್ತೆ, ಕೆಂಪಗೆ ಕಾಯಿಸಿ ನೀರಿಗೆ ಹಾಕಿದ್ರೆ ಮತ್ತೆ ಮೆತ್ತಗಾಗತ್ತೆ. ಉಕ್ಕಿಗೆ ಉಲ್ಟಾ, ತಾಮ್ರಕ್ಕೆ ಹೀಗೆ.

ಇಷ್ಟೆಲ್ಲಾ ಮಾಡಿದ್ಮೇಲೂ ನನ್ನ ಗಾಡೀಲಿ ಪಕ್ಕದ ಟ್ಯಾಪೆಟ್ ಕವರ್ ಸೋರ್ತಾ ಇತ್ತು. ಬ್ಲಾಕಿನ ಪಕ್ಕ, ಮ್ಯಾನಿಫೋಲ್ಡ್ (ಹೆಡ್ಡಿಗೆ ಗಾಳಿ, ಹೊಗೆ ಸಾಗಿಸೋ ಪೈಪುಗಳು) ಕೆಳಗೆ ಅಡಗಿರೋ ಎರಡು ತಗಡು, ಒಂದೊಂದಕ್ಕೂ ನಡು ಮಧ್ಯೆ ಒಂದೇ ಬೋಲ್ಟು. ಎರಡು ಸಲ ಮ್ಯಾನಿಫೋಲ್ಡ್ ಇಳಿಸಿ ಪ್ಯಾಕಿಂಗ್ ಬದಲಾಯಿಸಿದೆ, ಎರಡು ಸಲಾನೂ ಹದಿನೈದು ದಿನಕ್ಕೆ ಮತ್ತೆ ಒದ್ದೆ. ಆಮೇಲೆ ಒಂದಿನ ಇಂಜಿನ್ ಓಡುವಾಗ ಆಯಿಲ್ ಹಾಕೋ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದ್ರೆ ಬುಸ್ ಬುಸ್ ಅಂತ ಗಾಳಿ ತಳ್ತಿದೆ. ಪಿಸ್ಟನ್ ರಿಂಗ್ ಪಕ್ಕದಿಂದ ಎಷ್ಟೋ ಕೊಂಚ ಗ್ಯಾಸ್ ಕೆಳಗೆ ಬರೋದು ಎಲ್ಲಾ ಇಂಜಿನ್ನಲ್ಲೂ ಇದೆ, ಹಳೇದ್ರಲ್ಲಿ ಜಾಸ್ತಿ, ಅದು ಹೊರಗೆ ಹೋಗೋಕೆ ಒಂದು ದಾರಿ ಬೇಕು. 1960ಕ್ಕೆ ಮುಂಚಿನ ಬಹಳಷ್ಟು ಗಾಡೀಲಿ ಆ ದಾರಿ ಅಂದ್ರೆ ಕೆಳಗೆ ನೇತಾಡೋ ಒಂದು ಪೈಪು, ಗಾಡಿ ಓಡುವಾಗ ಕೆಳಗಿನ ಗಾಳಿ ಅದನ್ನ ಎಳ್ಕೊಳತ್ತೆ, ನಿಂತಾಗ ಇಲ್ಲ. ನಂದ್ರಲ್ಲಿ ಆ ಪೈಪು ಇರೋದು ಅದೇ ಪಕ್ಕದ ಟ್ಯಾಪೆಟ್ ಕವರಲ್ಲಿ, ತೆಗೆದು ನೋಡಿದ್ರೆ ಒಳಗೆಲ್ಲಾ ಟಾರಿನ ಥರ ಗಟ್ಟಿಯಾದ ಕೆಸರು, ತಂತಿ ಕೂಡ ಹೋಗ್ತಿರ್ಲಿಲ್ಲ. ರಾಕರ್ ಕವರಿಂದ ಏರ್ ಫಿಲ್ಟರಿಗೆ ಹೋಗೋ ಹೋಸೂ ಒಳಗೆ ಮಡಚ್ಕೊಂಡಿತ್ತು. ದಾರಿ ಎರಡೂ ಮುಚ್ಚಿದ್ರೆ ಗ್ಯಾಸ್ ತಾನೇ ದಾರಿ ಮಾಡ್ಕೊಳತ್ತೆ, ಎಲ್ಲಿ ಪ್ಯಾಕಿಂಗ್ ಮೆತ್ತಗಿದೆಯೋ ಅಲ್ಲಿ, ಜೊತೆಗೆ ಎಣ್ಣೇನೂ ಕರ್ಕೊಂಡು. ಆ ಇಂಜಿನ್ನಿನ ಹಿಂದಿನ ತುದೀಲಿ ಈಗಿನ ಥರ ರಬ್ಬರ್ ಸೀಲ್ ಬೇರೆ ಇಲ್ಲ, ಕ್ರ್ಯಾಂಕ್ ಮೇಲೆ ಕೊರೆದಿರೋ ಸ್ಕ್ರೂ ಥರದ ತೋಡು ಎಣ್ಣೇನ ವಾಪಸ್ ಒಳಗೆ ತಳ್ಳತ್ತೆ, ಒಳಗೆ ಗಾಳಿ ತುಂಬಿ ಹೊರಗೆ ನೂಕ್ತಿದ್ರೆ ಅದು ಪಾಪ ಏನ್ ಮಾಡತ್ತೆ.

ಪೈಪನ್ನ ಸೀಮೆಎಣ್ಣೇಲಿ ಎರಡು ದಿನ ನೆನೆಹಾಕಿ ಕೆರೆದು, ಹೋಸ್ ಹೊಸದು ಹಾಕಿ, ಮುಚ್ಚಳದ ಜಾಲರಿ ತೊಳೆದು ಹಾಕಿದೆ. ಅದೇ ಪ್ಯಾಕಿಂಗು, ಅದೇ ಬೋಲ್ಟು, ಲೀಕ್ ನಿಂತೋಯ್ತು. ಮೊದಲೇ ಇದನ್ನ ನೋಡಿದ್ರೆ ಮ್ಯಾನಿಫೋಲ್ಡ್ ಇಳಿಸೋ ಎರಡು ಸುತ್ತು ಉಳೀತಿತ್ತು. ಹಾಗಾಗಿ ನನ್ನ ಮಾತು ಕೇಳೋದಾದ್ರೆ, ಪೌಡರ್ ಪರೀಕ್ಷೆ ದಿನಾನೇ ಅಂಗೈ ಪರೀಕ್ಷೇನೂ ಮಾಡಿ.

ಟೈಮಿಂಗ್ ಕವರ್ ಬಗ್ಗೆ ಎರಡೇ ಮಾತು. ಅದರಲ್ಲಿ ಪ್ಯಾಕಿಂಗ್‌ಗಿಂತ ಪುಲ್ಲಿ ಸುತ್ತ ಇರೋ ಸೀಲೇ ಕಾಟ ಕೊಡೋದು. ಬೋಲ್ಟ್ ಎಲ್ಲಾ ಸಡಿಲ ಹಾಕಿ, ಮೊದ್ಲು ಪುಲ್ಲಿ ತೂರಿಸಿ ಸೀಲು ಮಧ್ಯಕ್ಕೆ ಕೂತ ಮೇಲೆ ಬಿಗೀರಿ. ಒಳಗೆ ಬಟ್ಟಲಿನ ಥರ ಒಂದು ಆಯಿಲ್ ಥ್ರೋಯರ್ (ಎಣ್ಣೇನ ಸೀಲಿಂದ ದೂರ ಎಸೆಯೋ ತಟ್ಟೆ) ಇರತ್ತೆ, ಎ-ಸೀರೀಸ್‌ನಲ್ಲಿ ಅದರ ಮೇಲೆ ಎಫ್ ಅಕ್ಷರ ಇದ್ರೆ ಆ ಮುಖ ಹೊರಗಡೆಗೆ ಬರ್ಬೇಕು. ಉಲ್ಟಾ ಹಾಕಿದ್ರೆ ಯಾವ ಪೇಸ್ಟೂ ಕಾಪಾಡಲ್ಲ.

ಕೂರಿಸಿದ ಮೇಲೆ ಇಂಜಿನ್ ಬಿಸಿ ಮಾಡಿ, ಪೂರ್ತಿ ತಣ್ಣಗಾದ ಮೇಲೆ ನಟ್ ಒಂದ್ಸಲ ನೋಡಿ, ಕಾರ್ಕ್ ಸ್ವಲ್ಪ ಕೂತಿರತ್ತೆ, ಚೂರು ತಿರುಗತ್ತೆ. ಒಂದೇ ಸಲ. ವಾರಕ್ಕೊಮ್ಮೆ ಸ್ಪ್ಯಾನರ್ ಹಿಡ್ಕೊಂಡು ಹೋಗೋ ಚಟ ಇದ್ರೆ ಸ್ಪ್ಯಾನರನ್ನ ಮನೇಲಿ ಯಾರಿಗಾದ್ರೂ ಕೊಟ್ಟು ಬಚ್ಚಿಡೋಕೆ ಹೇಳಿ.

ಆ ಕಾರ್ಕ್ ಅಂಟಿಸಿ ಈಗ ಮೂರು ವರ್ಷ ಆಯ್ತು. ಕವರಿನ ಒಳಗಡೆ ಮಾರ್ಕರಲ್ಲಿ ಪ್ರತಿ ಸಲ ಬಿಚ್ಚಿದ ತಾರೀಖು ಬರೀತೀನಿ, ಆರು ಸಾಲು ಇದೆ, ಪ್ಯಾಕಿಂಗ್ ಅದೇ. ಸಿಲಿಕೋನ್ ಕಾಲದ ಹಳೇ ಪ್ಯಾಕಿಂಗ್‌ನ ಬಿಸಾಕಿಲ್ಲ, ಹೊಸದು ಕತ್ತರಿಸೋಕೆ ಅದನ್ನೇ ಅಚ್ಚು ಮಾಡ್ಕೊಂಡಿದೀನಿ, ಕಿತ್ತಳೆ ಬಣ್ಣ ಇನ್ನೂ ಅಂಚಲ್ಲಿ ಹಾಗೇ ಇದೆ.